ಮಾನ್ವಿಯ ಚರ್ಚಿನಲ್ಲಿ ನಿಜಾಮರ ಸಿಪಾಯಿ

ದೇವದುರ್ಗದ ಬಸ್ಸು ಕೆಟ್ಟು ನಿಂತದ್ದರಿಂದ ಆ ಭಾನುವಾರ ಮಾನ್ವಿಯ ಚರ್ಚೊಂದರಲ್ಲಿ ಹೋಗಿ ಕುಳಿತೆ. ಬಾಂಗ್ಲಾ ಯುದ್ಧ ಮುಗಿದು ನಾಲ್ಕೈದು ವರ್ಷವಾಗಿತ್ತು. ಪ್ರಾರ್ಥನೆ ಆದಮೇಲೆ ಪಾದ್ರಿಗಳು, "ನಮ್ಮ ಸಭೆಯಾಗ ಫೌಜಿನಾಗ ದುಡಿದವರು ಮುಂದ ಬರ್ರಿ" ಎಂದು ಕರೆದರು. ರಜೆಗೆ ಬಂದಿದ್ದ ಇಬ್ಬರು ಜವಾನರು ಹೋಗಿ ಹಾರ ಹಾಕಿಸಿಕೊಂಡರು. ಅವರ ಪಕ್ಕದಲ್ಲಿ ದಾನಿಯೇಲಪ್ಪ ಎಂಬ ಮುದುಕರೂ ಹೋಗಿ ನೆಟ್ಟಗೆ ನಿಂತರು.

ಪಾದ್ರಿಗಳು ಊರಿಗೆ ಹೊಸಬರು. "ನೀವು ಯಾವ ಫೌಜಿನಾಗ ಇದ್ರಿ, ಯಪ್ಪಾ?" ಎಂದು ಕೇಳಿದರು.

"ನಿಜಾಮರ ಫೌಜಿನಾಗ."

ಗುಜುಗುಜು ಎದ್ದಿತು. ಹಿಂದಿನಿಂದ ಒಬ್ಬರು, "ಹಂಗಂದ್ರ ಇಂಡಿಯಾ ಫೌಜಿನ ಮ್ಯಾಲೆ ಬಂದೂಕು ಎತ್ತಿದವರಲ್ಲೇನು?" ಎಂದರು.

"ಆಗ ನಮ್ಮ ಸರ್ಕಾರ ನಿಜಾಮರದೇ ಇತ್ತಲ್ರಿ," ಎಂದರು ಮುದುಕರು. "ತುಂಗಭದ್ರಾ ದಂಡಿ ಕಾಯಿ ಅಂದ್ರು, ಕಾದೆ. ಬಂದೂಕು ಕೆಳಗಿಡು ಅಂದ್ರು, ಇಟ್ಟೆ."

ಜವಾನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಪ್ಪಾಳೆ ತಟ್ಟಬೇಕೋ ಬೇಡವೋ ನನಗೂ ತಿಳಿಯಲಿಲ್ಲ. ಪಾದ್ರಿಗಳು ಎತ್ತಿದ್ದ ಹಾರವನ್ನು ಕೊರಳಿಗೆ ಹಾಕದೆ, ಮುದುಕರ ಕೈಗೆ ಕೊಟ್ಟುಬಿಟ್ಟರು.

ದಾನಿಯೇಲಪ್ಪನವರು ಅದನ್ನು ಹಿಡಿದುಕೊಂಡು ಪಾದ್ರಿಗಳತ್ತ ತಿರುಗಿದರು.

"ಇದನ್ನ ನಾನೇ ಹಾಕ್ಕೋಬೇಕೇನ್ರಿ, ಅಯ್ಯನೋರ?"