ಉಪ್ಪುನೆಲಕ್ಕೆ ಹಸಿರು ಹೊದಿಸಿದ ಕೆಸರಕ್ಕ

ಬೆಳಗಿನ ಐದೂವರೆ. ಸಮುದ್ರದ ನೀರು ಇಳಿದಿದೆ. ಮೊಣಕಾಲುದ್ದ ಕೆಸರಿನಲ್ಲಿ ನಿಂತ ಐವತ್ತೆಂಟರ ಹೆಂಗಸೊಬ್ಬರು ಹಳೆಯ ಕಾಂಡ್ಲಾ ಮರದ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು ಮೂಗಿಗೆ ಹಿಡಿಯುತ್ತಾರೆ. "ಥೂ, ಕೊಳೆತ ಮೊಟ್ಟೆ ವಾಸನೆ!" ಎಂದು ಚೆಲ್ಲಿ, ದಡದ ಕಡೆ ನಾಲ್ಕು ಹೆಜ್ಜೆ ಸರಿದು ಇನ್ನೊಂದು ಹಿಡಿ ತೆಗೆಯುತ್ತಾರೆ. "ಹಾಂ, ಇದು ಸರಿ. ಸಣ್ಣ ಬೇರಿರಬೇಕು, ಮಣ್ಣು ಉಸಿರಾಡ್ತಿರಬೇಕು." ಬಕೆಟ್ ತುಂಬತೊಡಗುತ್ತದೆ.

ಉಪ್ಪುನೀರಿನಲ್ಲೇ ಬದುಕುವ ಕಾಂಡ್ಲಾ ಸಸಿಗಳನ್ನು ಬೆಳೆಸುವ ಈ ನರ್ಸರಿಯಲ್ಲಿ ಅವರು ಎಲ್ಲರ ಬಾಯಲ್ಲೂ ಕೆಸರಕ್ಕ. ಮೊದಮೊದಲು ಅದು ಗೇಲಿಯ ಹೆಸರು. ಈಗ ದೊಡ್ಡ ಸಾಹೇಬರೂ ಅದಕ್ಕೊಂದು 'ನವರೇ' ಸೇರಿಸಿ ಕರೆಯುತ್ತಾರೆ.

ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಹೋಟೆಲಿನ ಹಿತ್ತಲಲ್ಲಿ ಪಾತ್ರೆ ಉಜ್ಜಿದ ಕೈ ಅವರದು. ಕೊಳೆ ಕಂಡರೆ ಸುಮ್ಮನಿರದ ಕೈ. ನರ್ಸರಿಗೆ ಸೇರಿದ ವರ್ಷ ಆ ಶುಚಿಯೇ ಮುಳುವಾಯಿತು. ಸಾಹೇಬರು ನೋಡಲು ಬರುತ್ತಾರೆಂದು ನಾಲ್ಕು ಸಾವಿರ ಸಸಿಗಳ ಬೇರನ್ನು ಕೊಳಾಯಿ ನೀರಿನಲ್ಲಿ ಫಳಫಳ ತೊಳೆದಿಟ್ಟರು. ಎಲ್ಲರೂ ಶಹಬ್ಬಾಸ್ ಎಂದರು. ಹಾಳುಬಿದ್ದ ಉಪ್ಪಿನ ಬಯಲಿನಲ್ಲಿ ನೆಟ್ಟ ಆ ಸಸಿಗಳು ಎರಡೇ ತಿಂಗಳಲ್ಲಿ ಒಣಕಡ್ಡಿಯಾದವು. ಮರುವರ್ಷವೂ ಅದೇ ಶಿಸ್ತು, ಅದೇ ಸಾವು. ಮೂರನೆಯ ಸಲವೂ ಹೀಗಾದರೆ ನರ್ಸರಿಗೆ ಬೀಗ ಎಂದು ಮೇಲಿನಿಂದ ಪತ್ರ ಬಂತು. ಅದು ಹನ್ನೊಂದು ಹೆಂಗಸರ ಅನ್ನದ ಪ್ರಶ್ನೆ.

ಅಷ್ಟರಲ್ಲಿ ಕೆಸರಕ್ಕನ ಕಣ್ಣಿಗೆ ಬಿದ್ದದ್ದು ಬಯಲಿನ ಮೂಲೆಯ ಏಳು ಸಸಿಗಳು. ತೊಳೆಯುವ ಮೊದಲೇ ಬುಟ್ಟಿಯಿಂದ ಜಾರಿ ಬಿದ್ದವನ್ನು ಯಾರೋ ಹಾಗೇ ಅಲ್ಲಿ ಚುಚ್ಚಿದ್ದರು. ಏಳೂ ಚಿಗುರಿದ್ದವು. "ನಾಲ್ಕು ಸಾವಿರ ಸತ್ತಾಗ ಅತ್ತಿದ್ದೆ. ಏಳು ಬದುಕಿದ್ದು ನೋಡಿ ಇನ್ನೂ ಜಾಸ್ತಿ ಅತ್ತೆ. ಕೊಂದಿದ್ದು ನನ್ನ ಕೈಯೇ ಅಂತ ಗೊತ್ತಾಯ್ತಲ್ಲ!"

ಅದರಲ್ಲೊಂದು ಸಸಿ ಹಿಡಿದು ಅವರು ನೇರ ಮಣ್ಣು ಪರೀಕ್ಷೆಯ ಪ್ರಯೋಗಾಲಯಕ್ಕೆ ನಡೆದರು. ಅಲ್ಲಿನ ಮೇಡಂ ಬೇರಿಗೆ ನೀಲಿ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಬೇರಿನೊಳಗೇ ಮನೆ ಮಾಡಿಕೊಂಡ ಶಿಲೀಂಧ್ರ. ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಅದು ಕೂದಲಿಗಿಂತ ಸಣ್ಣ ಎಳೆಗಳನ್ನು ಮಣ್ಣಿಗೆ ಚಾಚಿ, ಬೇರಿಗೆ ಎಟುಕದ ಪೋಷಕಾಂಶ ತಂದುಕೊಡುತ್ತದೆ, ಉಪ್ಪು ತಾಳಿಕೊಳ್ಳಲು ಹೆಗಲು ಕೊಡುತ್ತದೆ. ಬೇರು ತೊಳೆದರೆ ಆ ಎಳೆಗಳೂ ಮಣ್ಣಿನ ಜೊತೆ ಹರಿದುಹೋಗುತ್ತವೆ. ಕೆಸರಕ್ಕನ ಮಾತಿನಲ್ಲಿ ಹೇಳುವುದಾದರೆ, "ಬೂಷ್ಟು ಅಂದ್ರೆ ಕೊಳೆ ಅಂದ್ಕೊಂಡಿದ್ದೆ. ಇದು ಕಷ್ಟಕ್ಕಾಗೋ ಪಕ್ಕದ್ಮನೆಯವಳು ಕಣ್ರೀ. ಅವಳನ್ನೇ ನಾನು ನೀರು ಬಿಟ್ಟು ಓಡಿಸಿದ್ದೆ!"

ಮೂರನೆಯ ವರ್ಷ ಸಸಿ ಬೆಳೆಸುವ ಪ್ರತಿ ಚೀಲಕ್ಕೂ ಹಳೆಯ ಮರದ ಬುಡದ ಮಣ್ಣು ಒಂದು ಹಿಡಿ ಹಾಕೋಣ, ಬೇರು ತೊಳೆಯುವುದು ಬೇಡ ಎಂದಾಗ ನರ್ಸರಿಯ ಮೇಲ್ವಿಚಾರಕರು ನಕ್ಕರು. ರೋಗ ಬಂದರೆ ಯಾರು ಜವಾಬ್ದಾರಿ ಎಂದರು. ಕೆಸರಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಅರ್ಧ ಬಯಲು ನಿಮ್ದು, ಅರ್ಧ ನಂದು. ನಂದು ಸತ್ರೆ ಬೀಗ ನಾನೇ ಹಾಕ್ತೀನಿ ಅಂದೆ. ಅಂದ್ಬಿಟ್ಟು ಮನೆಗೆ ಹೋಗಿ ಮೂರು ದಿನ ಸರಿಯಾಗಿ ಊಟ ಸೇರಲಿಲ್ಲ!"

ಆರು ತಿಂಗಳ ಬಳಿಕ ಎಣಿಸಿದಾಗ ಮೇಲ್ವಿಚಾರಕರ ಎರಡು ಸಾವಿರದಲ್ಲಿ ಉಳಿದದ್ದು ನೂರ ನಲವತ್ತು. ಕೆಸರಕ್ಕನ ಎರಡು ಸಾವಿರದಲ್ಲಿ ಸಾವಿರದ ಏಳುನೂರ ಹನ್ನೆರಡು! ಬಯಲಿನ ನಡುವೆ ಗೆರೆ ಎಳೆದಂತೆ ಒಂದು ಕಡೆ ಬೂದು, ಒಂದು ಕಡೆ ಹಸಿರು. ಬೀಗದ ಪತ್ರ ಬಂದ ದಾರಿಯಲ್ಲೇ ಹಿಂತಿರುಗಿತು. ಹನ್ನೊಂದಿದ್ದ ಹೆಂಗಸರು ಈಗ ಹತ್ತೊಂಬತ್ತು. ದಿನಕ್ಕೆ ಆರುನೂರು ಚೀಲ ತುಂಬುತ್ತಾರೆ. ಮೇಲ್ವಿಚಾರಕರೇ ಬಕೆಟ್ ಹೊತ್ತು ಬಂದು, "ಅಕ್ಕಾ, ಇದು ಆಗುತ್ತಾ ಮೂಸಿ ನೋಡಿ" ಎನ್ನುತ್ತಾರೆ. ಕೆಸರಕ್ಕ ಬೇಕೆಂದೇ ಸ್ವಲ್ಪ ಹೊತ್ತು ಕಾಯಿಸುತ್ತಾರೆ.

ಬಿಸಿಲೇರುತ್ತಿದೆ. ಆ ಗೆದ್ದ ಬಯಲಿನಲ್ಲಿ ಆಳೆತ್ತರದ ಮರಗಳ ನಡುವೆ ಅವರು ಥಟ್ಟನೆ ಕೂರುತ್ತಾರೆ. ಎರಡೇ ಎಲೆಯ ಪುಟ್ಟ ಸಸಿಯೊಂದು, ಸಾಲು ತಪ್ಪಿ ತನ್ನಿಷ್ಟಕ್ಕೆ ನಿಂತಿದೆ.

"ಇದು ನಾವು ನೆಟ್ಟಿದ್ದಲ್ಲ. ಮರಗಳೇ ಹೆತ್ತಿದ್ದು."

ಹಾಗಾದರೆ ಇನ್ನು ನರ್ಸರಿ ಬೇಡವಲ್ಲ ಎಂದು ಕೆಣಕಿದರೆ ಕೆಸರಕ್ಕ ಎದ್ದು, ಆಚೆಯ ಬೋಳು ಬಯಲಿನತ್ತ ಕೈ ತೋರಿಸುತ್ತಾರೆ.

"ಅಲ್ಲಿನ್ನೂ ನಲವತ್ತು ಎಕರೆ ಇದೆ. ಅದೂ ಹೀಗೇ ಹೆರೋ ತನಕ ನಮ್ಮನ್ನ ಕದಲಿಸೋರು ಯಾರು, ಬರ್ಲಿ ನೋಡೋಣ."