ಈರಣ್ಣನ ಆಯಿಲ್ ಕೂಲರ್

ಭಾನುವಾರ ಬೆಳಿಗ್ಗೆ ಈರಣ್ಣನ ಮುಖ ಯಾರಿಗೂ ಕಾಣುತ್ತಿರಲಿಲ್ಲ, ಬೆನ್ನು ಮಾತ್ರ ಕಾಣುತ್ತಿತ್ತು. ಪುಣೆ ಹತ್ತಿರದ ದೇಹೂ ರೋಡಿನ ನಮ್ಮ ಚಾಳಿನ ಅಂಗಳದಲ್ಲಿ, ಮೋಟರ್‌ಸೈಕಲ್ಲಿನ ಎದುರಿಗೆ ಮಣೆ ಹಾಕಿಕೊಂಡು ಕುಳಿತು, ಹೆಂಡತಿಯ ತಲೆಪಿನ್ನಿನಿಂದ ಆಯಿಲ್ ಕೂಲರಿನ ಸಂದುಗಳಲ್ಲಿ ಸಿಕ್ಕಿದ ಹುಳುಗಳನ್ನು ತೆಗೆಯುತ್ತಿದ್ದ. ಇಂಜಿನ್ನಿನ ಮುಂದೆ ಕೂತ ಅಂಗೈಯಗಲದ ಜಾಲರಿ ಅದು. ಬಿಸಿ ಎಣ್ಣೆ ಅದರೊಳಗೆ ಹರಿದು, ಗಾಳಿಗೆ ತಣಿದು ಇಂಜಿನ್ನಿಗೆ ಮರಳುತ್ತದೆ.

"ನನ್ನ ತುರುಬಿಗೆ ಪಿನ್ ಇಲ್ಲ, ಇವರ ಗಾಡಿ ಶೃಂಗಾರ ಮುಗಿಯಂಗಿಲ್ಲ" ಎನ್ನುತ್ತಿದ್ದಳು ಹೆಂಡತಿ ಗಂಗಕ್ಕ.

"ಇದು ಗಾಡಿ ಮೂಗು ಅದ. ಮೂಗು ಕಟ್ಟಿದ್ರ ನೀ ಸುಮ್ಮನಿರ್ತೀ ಏನ?"

ಈರಣ್ಣ ಬಾಗಲಕೋಟೆ ಕಡೆಯವನು. ಊರಿನಿಂದ ಕುಪ್ಪಸದ ಖಣ ತರಿಸಿ ಪುಣೆ ಕಡೆಯ ಶಿರೂರಿನ ಅಂಗಡಿಗಳಿಗೆ ಹಾಕುತ್ತಿದ್ದ. ನಾನು ಪಕ್ಕದ ಮನೆಯ ಗುಮಾಸ್ತ. ಐವತ್ತು ದಾಟಿದ ಮೇಲೆ ಈರಣ್ಣ ಹುಡುಗರ ಗಾಡಿ ಕೊಂಡನೆಂದು ಚಾಳೆಲ್ಲ ನಕ್ಕಿತ್ತು. "ಖಣ ಹೊರಾಕ ಗಾಡಿ, ಖುಷಿಗೆ ಕೂಲರ್. ನಿಮಗ್ಯಾಕ್ರಿ ಹೊಟ್ಟಿಉರಿ?" ಎಂದು ಅವನೂ ನಕ್ಕಿದ್ದ. ಆ ಗಾಡಿಯನ್ನು ಅವನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ, ನನ್ನೊಬ್ಬನನ್ನು ಬಿಟ್ಟು.

ಒಂದು ಮಹಾನವಮಿಗೆ ಅವನು ಮಾಲು ತರಲು ಊರಿಗೆ ಹೋಗಿದ್ದ. "ಪೂಜಿ ನೀನ ಮಾಡು ದೋಸ್ತ" ಎಂದು ಕೀಲಿಕೈ ಕೊಟ್ಟಿದ್ದ. ಗಾಡಿ ತೊಳೆದೆ, ಚೆಂಡುಹೂವಿನ ಮಾಲೆ ಹಾಕಿದೆ. ಅವನು ಅಷ್ಟು ಪ್ರೀತಿಸುವ ಕೂಲರಿಗೆ ಹೆಚ್ಚಿನ ಗೌರವ ಇರಲೆಂದು ಭಸ್ಮ ಕಲಸಿ ದಪ್ಪಗೆ ಪಟ್ಟೆ ಎಳೆದು, ನಡುವೆ ಅರಿಶಿನ ಮೆತ್ತಿದೆ. ಸಂಜೆಯ ಹೊತ್ತಿಗೆ ಅದು ಸಂದುಗಳೊಳಗೆ ಗಾರೆಯಂತೆ ಗಟ್ಟಿಯಾಗಿತ್ತು. ಈರಣ್ಣ ಬಂದು ಬೈಯುವನೆಂಬ ಅಂಜಿಕೆಯಿಂದ ಸ್ಕ್ರೂಡ್ರೈವರಿನಿಂದ ಕೆರೆದೆ. ಒಂದು ಕಡೆ ಮೊನೆ ಒಳಗಿಳಿಯಿತು. ಎಣ್ಣೆಯ ಹನಿ ಮೂಡಿತು. ಒರೆಸಿದೆ. ಮತ್ತೆ ಮೂಡಲಿಲ್ಲ, ನಿಂತಿತು ಅಂದುಕೊಂಡೆ.

ಈರಣ್ಣ ರಾತ್ರಿ ಊರಿನಿಂದ ಬಂದ. ಮರುದಿನ ಅವನು ಹೊರಟಾಗ ಶಿರೂರಿನ ದಾರಿಯಲ್ಲಿ ಎಣ್ಣೆಯೆಲ್ಲ ಸೋರಿ ಇಂಜಿನ್ನು ಬಿಗಿದು ನಿಂತಿತು. ಈರಣ್ಣ ಗಾಡಿಯನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಂದ. ಇಂಜಿನ್ನು ಬಿಚ್ಚಿ ಕಟ್ಟಿದ ಮಿಸ್ತ್ರಿ ಕೂಲರಿನ ತೂತು ನೋಡಿ, ಕಲ್ಲು ಬಡಿದಿರಬೇಕೆಂದ. "ಕಾಢೂನ್ ಟಾಕಾ ಶೇಟ್" ಅಂದ, ತೆಗೆದೇ ಬಿಡಿ, ಇದಿಲ್ಲದೆಯೂ ಓಡುತ್ತದೆ ಎಂದು.

ಈರಣ್ಣನಿಗೆ ಮನಸ್ಸಿಲ್ಲ. "ಕಂಪನಿಯವರಿಗೆ ತೋರಸೋಣು. ಹೆಂಗ ತೂತು ಬಿತ್ತು ಅಂತ ಅವರ ನೋಡಿ ಹೇಳಲಿ" ಎಂದವನು ನನ್ನ ಕಡೆ ತಿರುಗಿದ. "ಇಡ್ಲೋ, ತಗಸ್ಲೋ? ನೀ ಏನಂತೀ?"

ಸ್ಕ್ರೂಡ್ರೈವರಿನ ಗುರುತು ಯಾರ ಕಣ್ಣಿಗೂ ಬೀಳಬಾರದಿತ್ತು. "ತಗಸಿಬಿಡು" ಎಂದೆ.

ಅವನು ಆಗಲೇ ತೆಗೆಸಿದ. ಕೂಲರ್ ಗುಜರಿಗೆ ಹೋಯಿತು. ಆಮೇಲೆ ಬೇಸಿಗೆಯಲ್ಲಿ ಶಿರೂರಿಗೆ ಹೊರಟರೆ ನಡುದಾರಿಯಲ್ಲಿ ಬೇವಿನ ಮರ ಹುಡುಕಿ ಗಾಡಿ ನಿಲ್ಲಿಸುತ್ತಿದ್ದ. "ದಣದದ ಪಾಪ, ಆರಲಿ" ಎಂದು ಇಂಜಿನ್ನಿನ ಮೇಲೆ ಬಿಸಿಲು ಬೀಳದಂತೆ ತಾನೇ ಅಡ್ಡ ನಿಲ್ಲುತ್ತಿದ್ದ. ಹಿಂದೆ ಕೂತು ಹೋದಾಗಲೆಲ್ಲ ನಾನೂ ಅವನ ಪಕ್ಕದಲ್ಲಿ ನಿಂತಿದ್ದೇನೆ. ಹೇಳಲು ಅಷ್ಟು ಹೊತ್ತು, ಅಷ್ಟು ನೆರಳು ಇದ್ದರೂ ಬಾಯಿ ಬರಲಿಲ್ಲ.

ಗಂಗಕ್ಕ ತೀರಿದ ಮೇಲೆ ಅವನು ಪುಣೆಯ ವಾಕಡದಲ್ಲಿದ್ದ ಮಗಳ ಮನೆ ಸೇರಿದ. ಮೈಯಲ್ಲಿ ಹುಷಾರಿಲ್ಲವೆಂದು ಕೇಳಿ, ಈ ಸಲವಾದರೂ ಹೇಳಿಬಿಡಬೇಕೆಂದು ಹೋದೆ. ಅಳಿಯನ ಹೊಸ ಗಾಡಿಯ ಕೂಲರಿನಲ್ಲಿ ಎಣ್ಣೆ ಜಿನುಗುತ್ತಿತ್ತಂತೆ, ತೆಗೆಸಿಬಿಡಲೇ ಎಂದು ಅವನು ಮಾವನನ್ನು ಕೇಳುತ್ತಿದ್ದ. "ಇವನ್ನ ಕೇಳ್ರಿ ಅಳಿಯಂದ್ರ, ಕೂಲರ್ ತಗಸು ಅಂದು ನನ್ನ ಗಾಡಿ ಉಳಿಸಿದಾಂವ ಇವ" ಎಂದ ಈರಣ್ಣ, ದಿಂಬಿಗೆ ಒರಗಿಕೊಂಡೇ.

ಆ ಹುಡುಗನಿಗೆ ಸುಳ್ಳು ಹೇಳಲಾಗಲಿಲ್ಲ. "ತಗಸಬ್ಯಾಡ್ರಿ. ರಿಪೇರಿ ಮಾಡಿಸಿ ಇಟ್ಕೊಳ್ರಿ" ಎಂದೆ.

ಈರಣ್ಣ ಹುಬ್ಬೇರಿಸಿದ. "ಮತ್ತ ನನಗ್ಯಾಕ ತಗಸು ಅಂದಿ?"

ಕೋಣೆಯಲ್ಲಿ ನಾವು ಮೂವರೇ. ಅವನು ನನ್ನನ್ನೇ ನೋಡುತ್ತಿದ್ದ.

"ನಿನ್ನ ಗಾಡಿ ಮಾತು ಬ್ಯಾರೆ ಇತ್ತು" ಎಂದೆ.

"ಕೇಳಿದ್ರ್ಯಾ?" ಈರಣ್ಣನ ಮುಖ ಅರಳಿತು. "ಗಾಡಿ ನೋಡಿ ಹೇಳ್ತಾನ. ಸುಮ್ಮ ಬಾಯಿಗೆ ಬಂದದ್ದು ಹೇಳೋ ಮನಷ್ಯಾ ಅಲ್ಲ."

ಅದೇ ಕೊನೆಯ ಭೇಟಿ. ಮಳೆಗಾಲಕ್ಕೆ ಮುಂಚೆ ಈರಣ್ಣ ಹೋದ. ಅವನ ಅಳಿಯ ಗಾಡಿಗೆ ಏನಾದರೂ ಆದರೆ ಇವತ್ತಿಗೂ ಮೊದಲು ನನಗೇ ಫೋನ್ ಮಾಡುತ್ತಾನೆ.