ಟೈರಿನೊಳಗಿನ ರೈಟ್ ಗುರುತು

ನಮ್ಮ ಮನೆಗೆ ಆಗೆಲ್ಲ ಅಪ್ಪನ ಬೆರಳಿನ ಏಟು ತಿನ್ನದೆ ಯಾವ ವಸ್ತುವೂ ಬರುತ್ತಿರಲಿಲ್ಲ. ತೆಂಗಿನಕಾಯಿ, ಕಲ್ಲಂಗಡಿಯನ್ನು ಎಲ್ಲರೂ ಬಡಿದು ನೋಡುತ್ತಾರೆ. ಅಪ್ಪ ಹೂವಿನ ಕುಂಡ, ಪಿಂಗಾಣಿ ಬಟ್ಟಲು, ಕೊನೆಗೆ ನಮ್ಮ ಸ್ಲೇಟನ್ನೂ ಬಡಿದು, ತಲೆ ಓರೆ ಮಾಡಿ ಕೇಳುತ್ತಿದ್ದರು. ಯಲಹಂಕದಲ್ಲಿ ರೈಲಿನ ಗಾಲಿ ಮಾಡುವ ಕಡೆ ಅವರಿಗೆ ತಪಾಸಣೆಯ ಕೆಲಸ. ಬಿರುಕು ಹುಡುಕಲು ಅಲ್ಲಿ ಯಂತ್ರಗಳಿದ್ದವಂತೆ. ಅಪ್ಪನಿಗೆ ಮಾತ್ರ ಕಿವಿಯ ಮೇಲೆ ನಂಬಿಕೆ.

ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಹಳದಿ ಸೀಮೆಸುಣ್ಣ ಇರುತ್ತಿತ್ತು. ಸರಿಯಿದ್ದದ್ದಕ್ಕೆ ರೈಟ್, ಬೇಡವಾದದ್ದಕ್ಕೆ ಇಂಟು. ಅವರ ರೈಟ್ ಗುರುತಿಗೆ ಬಾಲ ಉದ್ದ, ತುದಿ ಸ್ವಲ್ಪ ಒಳಕ್ಕೆ ಬಾಗಿರುತ್ತಿತ್ತು. ಒಂದು ಸಲ ರೈಟ್ ಬಿದ್ದ ಗಾಲಿಯನ್ನು ಮತ್ತೆ ಯಾರೂ ಮುಟ್ಟಿ ನೋಡುತ್ತಿರಲಿಲ್ಲವಂತೆ. ‘ಆ ಗುರುತನ್ನೂ ಅನುಮಾನಿಸ್ತಾ ಕೂತರೆ ರೈಲು ಓಡಲ್ಲ’ ಎನ್ನುತ್ತಿದ್ದರು. ನನ್ನ ಗಣಿತದ ಪುಸ್ತಕದಲ್ಲೂ ಅದೇ ಗುರುತು. ನೋಡಿ ನೋಡಿ ನಾನೂ ಅದನ್ನು ಬರೆಯುವುದು ಕಲಿತಿದ್ದೆ. ಆಗ ನನಗೆ ಹತ್ತು ವರ್ಷ, ತಮ್ಮ ಸೂರಿಗೆ ಏಳು.

ಅದು ಅವರೆಕಾಯಿ ಕಾಲ. ಮನೆಯೆಲ್ಲ ಸೊಗಡಿನ ವಾಸನೆ. ನಮ್ಮ ಹಳೆಯ ಸ್ಕೂಟರಿನ ಮುಂದಿನ ಚಕ್ರದಲ್ಲಿ ಎರಡು ದಿನಕ್ಕೊಮ್ಮೆ ಗಾಳಿ ಇಳಿಯುತ್ತಿತ್ತು. ಪಂಕ್ಚರ್ ಅಂಗಡಿಯವನು ಟ್ಯೂಬ್ ಚೆನ್ನಾಗಿದೆ ಎಂದ. ಅಪ್ಪ ಚಕ್ರ ಬಿಚ್ಚಿದಾಗ, ಗಾಳಿ ತುಂಬುವ ತೂತಿನ ಪಕ್ಕ ರಿಮ್ಮಿನಲ್ಲಿ ಕೂದಲೆಳೆಯಷ್ಟು ಸಪೂರ ಬಿರುಕು, ಅದರ ಅಂಚು ಟ್ಯೂಬಿನ ವಾಲ್ವನ್ನು ಕಚ್ಚುತ್ತಿತ್ತು. ನಮ್ಮಿಬ್ಬರನ್ನೂ ಕರೆದು ತೋರಿಸಿದರು. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಹೋಗುವಾಗ ಇದು ಬಾಯಿ ಬಿಟ್ಟರೆ ಟೈರು ಕಳಚಿಕೊಳ್ಳುತ್ತೆ, ಮುಂದೆ ನಿಂತವರು ಮೊದಲು ಬೀಳ್ತಾರೆ ಎಂದರು. ಮುಂದೆ ನಿಲ್ಲುತ್ತಿದ್ದವನು ಸೂರಿ.

ಎರಡು ಚಕ್ರಕ್ಕೂ ಬೇರೆ ರಿಮ್ ಆರಿಸಲು ಒಂದು ಸಂಜೆ ನಮ್ಮನ್ನೂ ಕರೆದುಕೊಂಡು ಯಶವಂತಪುರಕ್ಕೆ ಬಸ್ಸಿನಲ್ಲಿ ಹೋದರು. ಅಲ್ಲಿ ಬಾಬಣ್ಣ ಎಂಬುವವರ ಗುಜರಿ ಅಂಗಡಿ, ಎದೆಯೆತ್ತರಕ್ಕೆ ರಿಮ್ಮುಗಳ ರಾಶಿ. ಸ್ಕೂಟರಿನ ರಿಮ್ ಒಂದೇ ತುಂಡಲ್ಲ, ಎರಡು ತಟ್ಟೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಟ್ಟು ಬಿಗಿದಂತಿರುತ್ತದೆ. ಅಪ್ಪ ಒಂದೊಂದು ಜೋಡಿಯನ್ನೂ ಎತ್ತಿ ಬೆಳಕಿಗೆ ಹಿಡಿದು ನಡುವೆ ಸಂದು ಕಾಣುತ್ತದೆಯೇ ನೋಡುತ್ತಿದ್ದರು. ನಟ್ಟಿನ ತೂತುಗಳು ಸವೆದು ಉದ್ದುದ್ದ ಆಗಿವೆಯೇ ಎಂದು ಬೆರಳು ಹಾಕಿ ತಿರುಗಿಸುತ್ತಿದ್ದರು. ಕೊನೆಗೆ ಸ್ಕ್ರೂ ಡ್ರೈವರಿಗೆ ನೇತುಹಾಕಿ ಸ್ಪ್ಯಾನರಿನಿಂದ ಒಂದು ಏಟು. ಇಂಟು. ಮತ್ತೊಂದು. ಇಂಟು.

“ಏನ್ ಸಾರ್, ರಿಮ್ ನೋಡ್ತಿದೀರೋ, ಹೆಣ್ಣು ನೋಡ್ತಿದೀರೋ?” ಎಂದರು ಬಾಬಣ್ಣ.

“ಹೆಣ್ಣಾಗಿದ್ರೆ ಇಷ್ಟು ಹೊತ್ತು ನೋಡ್ತಿರ್ಲಿಲ್ಲ. ಇದ್ರ ಮೇಲೆ ನನ್ನ ಮಕ್ಕಳು ಕೂತ್ಕೋತಾರೆ ಕಣ್ರೀ,” ಎಂದರು ಅಪ್ಪ.

ರಾಶಿಯ ಆ ಕಡೆ ಸೂರಿಗೆ ಒಂದು ಜೋಡಿ ಸಿಕ್ಕಿತ್ತು, ಕನ್ನಡಿಯಂತೆ ಹೊಳೆಯುವ ಕ್ರೋಮಿನದು. ಅದರಲ್ಲಿ ಅವನ ಮುಖ ಅಗಲವಾಗಿ ಕಾಣುತ್ತಿತ್ತು. ಅಪ್ಪ ಹೊಳೆಯುವ ರಿಮ್ಮನ್ನು ತೆಗೆದುಕೊಳ್ಳುವವರಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹಿಂದಿನ ಚಕ್ರಕ್ಕೆ ಒಂದು ಬೂದು ಬಣ್ಣದ ಜೋಡಿ ಆರಿಸಿ, ಒಳಮೈಗೆ ರೈಟ್ ಎಳೆದು, ಸೀಮೆಸುಣ್ಣವನ್ನು ಸ್ಟೂಲಿನ ಮೇಲಿಟ್ಟು ಅವರು ಬಾಬಣ್ಣನ ಜೊತೆ ಎದುರಿಗೆ ಟೀ ಕುಡಿಯಲು ಹೋದರು.

“ಅಕ್ಕ, ಇದಕ್ಕೆ ನೀನ್ ರೈಟ್ ಹಾಕಿದ್ರೆ ಗೊತ್ತಾಗಲ್ಲ ಕಣೇ,” ಎಂದ ಸೂರಿ.

ನಾನು ಹಾಕಿದೆ. ಯಾಕೆ ಹಾಕಿದೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಅವನು ಕೇಳಿದ ಎಂದೋ, ನನ್ನಿಂದ ಆಗುತ್ತದೆ ಎಂದು ತೋರಿಸಲೋ. ಉದ್ದ ಬಾಲ, ಒಳಕ್ಕೆ ಬಾಗಿದ ತುದಿ.

ಅಪ್ಪ ಹಿಂದಿರುಗಿ ಬಂದು ಆ ಕ್ರೋಮಿನ ಜೋಡಿಯನ್ನು ಎತ್ತಿ ಹಿಡಿದರು. ಇದನ್ನು ಯಾವಾಗ ನೋಡಿದೆ ಎಂದು ತಮ್ಮನ್ನೇ ಕೇಳಿಕೊಂಡರು. ಒಳಗೆ ತಿರುಗಿಸಿ ಗುರುತು ನೋಡಿದರು. ಬಡಿಯಲಿಲ್ಲ. ರೈಟ್ ಬಿದ್ದದ್ದನ್ನು ಅವರು ಮತ್ತೆ ಬಡಿಯುವವರಲ್ಲ.

ಗುರುವಾರ ಚಕ್ರಗಳು ಕೂತವು, ಕ್ರೋಮಿನದು ಮುಂದೆ. ಗುರುತು ಟ್ಯೂಬಿನ ಕೆಳಗೆ ಮುಚ್ಚಿಹೋಯಿತು. ಸೂರಿ ತನ್ನ ಬನಿಯನ್ನಿನಿಂದ ಕ್ರೋಮ್ ಒರೆಸಿದ್ದೇ ಒರೆಸಿದ್ದು. ನನಗೆ ಮಾತ್ರ ಒಂದು ಕಡೆ ಕೂರಲಾಗಲಿಲ್ಲ. ಅಪ್ಪನ ಕೆಲಸ ಮುಗಿಯುವ ಹೊತ್ತಿಗೆ ಗೇಟಿನ ಬಳಿ ನಿಂತು, ದೂರದಿಂದ ಬರುವ ಪ್ರತಿ ಸ್ಕೂಟರಿನ ಸದ್ದಿಗೂ ಕಿವಿ ಕೊಡುತ್ತಿದ್ದೆ. ಅವರು ಐದು ನಿಮಿಷ ತಡವಾದರೆ ಬೀದಿಯ ಕೊನೆಯವರೆಗೂ ಓಡುತ್ತಿದ್ದೆ. ನೆನೆಸಿದ ಅವರೆಕಾಳನ್ನು ಹಿತುಕಲು ಅಮ್ಮ ಕೂರಿಸಿದರೆ, ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ ಹಾಕುವುದನ್ನು ಮರೆತು ಎರಡನ್ನೂ ಒಂದೇ ಪಾತ್ರೆಗೆ ಹಾಕುತ್ತಿದ್ದೆ.

“ಕೂತ್ಕೊಳೇ ಒಂದ್ ಕಡೆ. ಏನಾಗಿದೆ ನಿಂಗೆ?” ಎಂದಳು ಅಮ್ಮ.

ಹೇಳಿಬಿಡೋಣ ಎಂದು ಸೂರಿಗೆ ಹೇಳಿದೆ. ಅವನು ನನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟು ಆಣೆ ಹಾಕಿಸಿಕೊಂಡ. ಹೇಳಿದರೆ ಅವನಿಗೆ ಏನಾದರೂ ಆಗುತ್ತದೆ. ಹೇಳದಿದ್ದರೂ ಅವನೇ ಮುಂದೆ ನಿಲ್ಲುವವನು.

ಭಾನುವಾರ ರಾಜಾನುಕುಂಟೆಯ ದೊಡ್ಡಮ್ಮನ ಮನೆಗೆ ಹೋಗಿ ಹೊಲದ ಅವರೆಕಾಯಿ ತರುವುದೆಂದು ತೀರ್ಮಾನವಾಗಿತ್ತು. ಬೆಳಿಗ್ಗೆ ಎಲ್ಲರೂ ಹೊರಟರು. ಸೂರಿ ಮುಂದೆ ನಿಂತು ಹ್ಯಾಂಡಲ್ ಹಿಡಿದ. ಅಮ್ಮ ಹಿಂದೆ ಕೂತು, ನಡುವೆ ನನಗೆ ಜಾಗ ಬಿಟ್ಟು ಸೆರಗು ಸಿಕ್ಕಿಸಿಕೊಂಡಳು. ಅಪ್ಪ ಕಿಕ್ ಹೊಡೆದರು. ನಾನು ಹತ್ತಲಿಲ್ಲ.

“ಅಪ್ಪ, ಹೋಗ್ಬೇಡಿ. ಆ ಗುರುತು ನಿಮ್ಮದಲ್ಲ.”

ಅಪ್ಪ ಇಂಜಿನ್ ಆರಿಸಿದರು. ಯಾವ ಗುರುತು ಎಂದು ಕೇಳಲಿಲ್ಲ. ಸೂರಿಯನ್ನು ಎತ್ತಿ ಕೆಳಗಿಳಿಸಿ, ಸ್ಕೂಟರನ್ನು ಸ್ಟ್ಯಾಂಡಿಗೆ ಹಾಕಿ, ಮುಂದಿನ ಚಕ್ರ ಬಿಚ್ಚಿ ಅಂಗಳದಲ್ಲಿ ಮಲಗಿಸಿದರು. ಮೊದಲು ಗಾಳಿಯೆಲ್ಲ ಹೋಗುವವರೆಗೂ ಕಾದರು. ಗಾಳಿಯಿದ್ದಾಗ ನಟ್ಟು ಸಡಿಲಿಸಿದರೆ ಎರಡು ತಟ್ಟೆಗಳೂ ಮುಖಕ್ಕೆ ಸಿಡಿಯುತ್ತವೆ ಎಂದು ಯಾವಾಗಲೂ ಹೇಳುತ್ತಿದ್ದರು. ಆ ಗಾಳಿ ಹೋಗುವ ಸದ್ದು ಎಷ್ಟು ಹೊತ್ತು ಬಂತು ಅಂದರೆ, ಅಮ್ಮ ಒಳಗೆ ಹೋಗಿ ಚಪ್ಪಲಿ ಬಿಟ್ಟು ಮತ್ತೆ ಬಂದರೂ ಮುಗಿದಿರಲಿಲ್ಲ.

ಆಮೇಲೆ ನಟ್ಟು ಬಿಚ್ಚಿ, ತಟ್ಟೆಗಳನ್ನು ಒಂದೊಂದಾಗಿ ನೇತುಹಾಕಿ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು. “ಹೊಡಿ,” ಎಂದರು. ಒಂದು ತಟ್ಟೆ ಟಣ್ ಎಂದು ಎಷ್ಟೋ ಹೊತ್ತು ಗುನುಗಿತು. ಇನ್ನೊಂದು ಠಪ್ ಎಂದು ಅಲ್ಲೇ ಸತ್ತಿತು. ಅಪ್ಪ ಅದರ ತೂತಿನ ಪಕ್ಕ ಉಗುರಿನಷ್ಟು ಜಾಗದಲ್ಲಿ ಕ್ರೋಮ್ ಕೆರೆದರು. ಕೆಳಗೆ ಹಳೆಯ ಬಿರುಕು, ಅದರ ಮೇಲೆ ಬೆಸುಗೆ, ಅದರ ಮೇಲೆ ಹೊಳಪು.

“ಗುರುತು ಯಾರು ಹಾಕಿದ್ದು?” ಎಂದರು.

“ನಾನು,” ಎಂದ ಸೂರಿ ತಕ್ಷಣ.

“ನಿನ್ನ ಕೈ ಅಲ್ಲ ಕಣೋ ಇದು.” ಆಮೇಲೆ ನನ್ನ ಕಡೆ ನೋಡಿದರು. “ನನ್ನದರ ಥರಾನೇ ಇದೆಯಮ್ಮ. ನನಗೇ ಗೊತ್ತಾಗಲಿಲ್ಲ.”

ಹೊಡೆದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಒದ್ದೆ ಬಟ್ಟೆ ಕೊಟ್ಟು ಆ ಗುರುತನ್ನು ಒರೆಸಲು ಹೇಳಿದರು, ಅಷ್ಟೆ. ಮುಂದಿನ ವಾರ ಒಬ್ಬರೇ ಹೋಗಿ ಬೇರೆ ರಿಮ್ ತಂದರು. ಅದರ ಒಳಗೆ ರೈಟ್ ಎಳೆದು, ಬಾಲದ ಕೆಳಗೆ ಒಂದು ಚುಕ್ಕೆ ಇಟ್ಟರು. ಅದುವರೆಗೆ ಇಲ್ಲದ ಚುಕ್ಕೆ. ನನ್ನ ಗಣಿತದ ಪುಸ್ತಕದಲ್ಲೂ ಅಂದಿನಿಂದ ಅದು ಸೇರಿಕೊಂಡಿತು. ಆ ಚುಕ್ಕೆಯನ್ನು ಮಾತ್ರ ನಾನು ಯಾವತ್ತೂ ಬರೆದು ನೋಡಲಿಲ್ಲ.

ಅಪ್ಪ ತೀರಿಕೊಂಡು ಈಗ ಎರಡು ತಿಂಗಳಾಯಿತು. ಸ್ಕೂಟರ್ ನಿಂತಲ್ಲೇ ಹಾಳಾಗುವುದು ಬೇಡ ಎಂದು ಈಗ ಚಿಕ್ಕಬಾಣಾವರದಲ್ಲಿರುವ ಸೂರಿ ಬಂದು ಚಕ್ರಗಳನ್ನು ಬಿಚ್ಚಿದ. ರಿಮ್ಮುಗಳನ್ನು ತುಕ್ಕು ತಿಂದಿತ್ತು. ಟೈರು ಬದಲಿಸಿದಾಗಲೆಲ್ಲ ಅಪ್ಪ ಗುರುತನ್ನು ಹೊಸದಾಗಿ ಬರೆಯುತ್ತಿದ್ದರು. ಕೊನೆಯ ಸಲದ್ದು ಅರ್ಧ ಉದುರಿತ್ತು, ಚುಕ್ಕೆ ಮಾತ್ರ ಹಾಗೇ ಇತ್ತು. ಇಬ್ಬರೂ ನೋಡಿದೆವು.

ಈಗ ರಿಮ್ಮುಗಳು ಫೋನಿನಲ್ಲೇ ಸಿಗುತ್ತವೆ. ಎಲ್ಲದರ ಮೇಲೂ ಪರೀಕ್ಷೆಯಾಗಿದೆ ಎಂಬ ಚೀಟಿ. ನಾನು ಸೂರಿಯನ್ನು ಕರೆದುಕೊಂಡು ಯಶವಂತಪುರಕ್ಕೇ ಹೋದೆ. ಬಾಬಣ್ಣನ ಅಂಗಡಿ ಇದ್ದ ಜಾಗವೇ ಗುರುತು ಸಿಗಲಿಲ್ಲ. ಪಕ್ಕದ ಬೀದಿಯ ಒಂದು ಅಂಗಡಿಯಲ್ಲಿ ನಾನು ಸ್ಪ್ಯಾನರ್ ತೆಗೆದು ಬಡಿಯತೊಡಗಿದಾಗ ಅಂಗಡಿಯವರು, “ಮೇಡಂ, ಇದೇನ್ ತೆಂಗಿನಕಾಯಾ?” ಎಂದರು. ಹನ್ನೊಂದು ಜೋಡಿ ಬೇಡವೆಂದೆ. ಸೂರಿ ಕ್ರೋಮಿನ ಕಡೆ ತಿರುಗಿಯೂ ನೋಡಲಿಲ್ಲ. ಬೂದು ಬಣ್ಣದ ಎರಡು ಜೋಡಿ ತಂದೆವು.

ಮನೆಯ ಅಂಗಳದಲ್ಲಿ ಮತ್ತೊಮ್ಮೆ ನೇತುಹಾಕಿ ಬಡಿದೆ. ಟಣ್ ಎಂದಿತು. ಒಳಗೆ ಮಲಗಿದ್ದ ಅಮ್ಮ ಎದ್ದು ಬಾಗಿಲಿಗೆ ಬಂದಳು. ನಮ್ಮನ್ನು ನೋಡಿ ಅಲ್ಲೇ ಹೊಸ್ತಿಲ ಮೇಲೆ ಕೂತಳು.

ಸ್ಕೂಟರಿನ ಡಿಕ್ಕಿಯಿಂದ ಸೂರಿ ಒಂದು ತುಂಡು ಸೀಮೆಸುಣ್ಣ ಹುಡುಕಿ ಕೊಟ್ಟ. “ಹಾಕು ಅಕ್ಕ. ಇಲ್ಲದಿದ್ರೆ ನಾನು ಓಡಿಸಲ್ಲ.”

ಹಾಕಿದೆ. ಉದ್ದ ಬಾಲ, ಒಳಕ್ಕೆ ಬಾಗಿದ ತುದಿ. ಈಗಲೂ ಅಪ್ಪನದ್ದೇ.

“ಚುಕ್ಕೆ?” ಎಂದ ಸೂರಿ.

ಚುಕ್ಕೆ ಇಡದೆ ಸೀಮೆಸುಣ್ಣವನ್ನು ಅವನ ಕೈಗೆ ಹಿಂದಿರುಗಿಸಿದೆ. ಅವನು ಅದನ್ನು ಡಿಕ್ಕಿಯಲ್ಲೇ ಇಟ್ಟು, ಟ್ಯೂಬು ಕೂರಿಸಿದ.

ಟೈರು ಕೂತ ಮೇಲೆ ರಿಮ್ ದನಿ ಕೊಡುವುದಿಲ್ಲ. ಅದು ಗೊತ್ತು. ಆದರೂ ಸೂರಿ ಬಂದಾಗಲೆಲ್ಲ, ಸ್ಕೂಟರ್ ತೆಗೆದುಕೊಂಡು ಹೋಗುವ ಮುಂಚೆ ಅವನಿಗೆ ಕಾಣದಂತೆ ಹೋಗಿ, ಒಂದು ಸಲ ಬಡಿದು, ತಲೆ ಓರೆ ಮಾಡಿ ನಿಲ್ಲುತ್ತೇನೆ. ಏನೂ ಕೇಳಿಸುವುದಿಲ್ಲ. ಅವನು ಹೋದ ಮೇಲೆ ಗೇಟಿನ ಬಳಿ ನಿಲ್ಲುತ್ತೇನೆ.